ಪರದೆಗೆ ಅಂಟಿಕೊಂಡ ಗಂಡು

ಒಂದೇ ಜಾಗದಲ್ಲಿ ಬಹಳ ಕಾಲ ಇದ್ದದ್ದು ಅಲ್ಲಿಂದ ಹೋದ ಮೇಲೂ ಪೂರ್ತಿ ಹೋಗುವುದಿಲ್ಲ. ಕ್ಯಾಲೆಂಡರ್ ತೆಗೆದರೆ ಗೋಡೆಯಲ್ಲಿ ಅದರ ಅಳತೆಯ ಬಿಳಿ ಚೌಕ ಉಳಿಯುತ್ತದೆ. ನಮ್ಮ ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರು ಗೋಡೆಗೆ ಒರಗಿ ಪೇಪರ್ ಓದುತ್ತಿದ್ದ ಕಡೆ ತಲೆಯೆಣ್ಣೆಯ ಗುಂಡನೆಯ ಕಲೆ ಮಾತ್ರ ಎಷ್ಟು ಸಲ ಸುಣ್ಣ ಹೊಡೆಸಿದರೂ ಮತ್ತೆ ಮೇಲೆ ಬಂತು. ಕೊನೆಗೆ ಸುಣ್ಣದವನಿಗೆ, ಬಿಡಪ್ಪ, ಇರಲಿ ಎಂದೆ. ಪ್ರೀತಿಯಿಂದಲ್ಲ, ಸುಣ್ಣ ದಂಡ ಎಂದು. ಇಷ್ಟೆಲ್ಲ ಕಂಡಿದ್ದ ನನಗೆ ಕಂಪ್ಯೂಟರಿನ ಪರದೆಗೂ ಹೀಗೆ ಕಲೆ ಕಟ್ಟುತ್ತದೆ ಎಂದು ಗೊತ್ತಿರಲಿಲ್ಲ. ಅದೂ ಎಂಥ ಕಲೆ! ಮೀಸೆ ಇರುವ ಕಲೆ.

ನಮ್ಮ ಮನೆ ಇರುವುದು ಬನಶಂಕರಿಯಲ್ಲಿ. ಪಕ್ಕದ ಸೈಟಿನವರು ಮೂರು ಅಂತಸ್ತು ಎಬ್ಬಿಸಿದ ಮೇಲೆ ನಮ್ಮ ಮುಂದಿನ ಕೋಣೆಗೆ ಬೆಳಕು ಬರುವುದು ನಿಂತುಹೋಗಿದೆ. ಆ ಕತ್ತಲಲ್ಲೇ ನನ್ನ ಸೊಸೆ ಗಿರಿಜಾ ಕಂಪ್ಯೂಟರ್ ಇಟ್ಟುಕೊಂಡು ಮದುವೆ, ಮುಂಜಿ, ಗೃಹಪ್ರವೇಶದ ಕಾರ್ಡುಗಳನ್ನು ಸಿದ್ಧಮಾಡಿ ಪ್ರೆಸ್ಸಿಗೆ ಕೊಡುತ್ತಾಳೆ. ಮೊದಲು ಅವಳ ಹತ್ತಿರ ಹಂಡೆಯಷ್ಟು ದಪ್ಪದ ಮಾನಿಟರ್ ಇತ್ತು. ಅದರ ಬೆನ್ನು ಯಾವಾಗಲೂ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಅದರ ಪಕ್ಕಕ್ಕಿಟ್ಟರೆ ಹಿಟ್ಟು ಚೆನ್ನಾಗಿ ಉಬ್ಬುತ್ತಿತ್ತು. ಅದು ಕೆಟ್ಟಿತು, ಎಲ್‌ಸಿಡಿ ಎಂಬ ಹೊಸದು ಬಂತು. ಹಪ್ಪಳದ ಹಾಗೆ ತೆಳ್ಳಗೆ. ಹಿಂದೆ ಏನೂ ಇಲ್ಲ, ಬಿಸಿಯೂ ಇಲ್ಲ. ಮನೆಯವರೆಲ್ಲ ಅದನ್ನು ಹೊಸ ಸೊಸೆಯನ್ನು ನೋಡುವ ಹಾಗೆ ನೋಡಿದರು. ನಾನು, ಹಿಟ್ಟಿಗೆ ಪ್ರಯೋಜನವಿಲ್ಲ ಎಂದು ಒಳಗೆ ಹೋದೆ.

ಗಿರಿಜಾಳ ಮಗಳು ವಿದ್ಯಾ ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಅವಳಿಗೆ ಗಂಡು ನೋಡುತ್ತಿದ್ದೆವು. ನೋಡುತ್ತಿದ್ದೆವು ಎಂದರೆ, ಬಂದವರೆಲ್ಲ ಕೇಸರಿಬಾತ್ ತಿಂದು, ತಿಳಿಸುತ್ತೇವೆ ಎಂದು ಹೋಗುತ್ತಿದ್ದರು, ತಿಳಿಸುತ್ತಿರಲಿಲ್ಲ. ಹುಡುಗಿ ಎತ್ತರ ಎಂದು ಕೆಲವರು, ರಕ್ತ ಮುಟ್ಟುವ ಕೆಲಸ ಎಂದು ಕೆಲವರು. ಅವರಿಗೆಲ್ಲ ರಕ್ತದ ಬದಲು ಏನು ಹರಿಯುತ್ತದೋ ನನಗೆ ತಿಳಿಯದು.

ಹೀಗಿರುವಾಗ ತುಮಕೂರಿನ ಕಡೆಯ ಒಂದು ಸಂಬಂಧದವರು ಹುಡುಗನ ಜಾತಕ, ಫೋಟೋ ಎರಡನ್ನೂ ಈಮೇಲಿನಲ್ಲಿ ಕಳಿಸಿದರು. ನಮ್ಮಲ್ಲಿ ಒಂದು ಪದ್ಧತಿ. ಬಂದ ಜಾತಕ, ಫೋಟೋಗಳನ್ನು ದೇವರ ಮುಂದೆ ಇಡಬೇಕು. ಕೆಲವು ದಿನ ಕಾಯಬೇಕು. ಅಷ್ಟರಲ್ಲಿ ಮನೆಯಲ್ಲಿ ಯಾರೂ ಬೀಳದೆ, ಏನೂ ಒಡೆಯದೆ, ಕೆಟ್ಟ ಸುದ್ದಿ ಬಾರದೆ ಇದ್ದರೆ ಮುಂದಿನ ಮಾತು. ನನ್ನ ಯಜಮಾನರ ಜಾತಕ ಇಟ್ಟಿದ್ದಾಗ ಬೆಕ್ಕು ಉಪ್ಪಿನಕಾಯಿ ಜಾಡಿ ಉರುಳಿಸಿ ಒಡೆದಿತ್ತು. ನಮ್ಮಪ್ಪ, ಬೆಕ್ಕು ಲೆಕ್ಕಕ್ಕಿಲ್ಲ ಎಂದುಬಿಟ್ಟರು. ಆಮೇಲೆ ಸಂಸಾರ ಮಾಡುವಾಗ ಆ ಬೆಕ್ಕನ್ನು ನಾನು ಬಹಳ ಸಲ ನೆನೆದಿದ್ದೇನೆ.

ಗಿರಿಜಾ ಆ ವಾರ ತವರಿನಲ್ಲಿ ಮದುವೆ ಎಂದು ಹೋಗಿದ್ದಳು. ವಿದ್ಯಾ ಫೋಟೋವನ್ನು ಪ್ರಿಂಟರಿನಲ್ಲಿ ತೆಗೆದುಕೊಟ್ಟಳು. ಬಣ್ಣದ ಇಂಕು ಒಣಗಿತ್ತೋ ಏನೋ, ಹುಡುಗ ಒಲೆಯೊಳಗಿಂದ ಈಗತಾನೇ ಎದ್ದುಬಂದವನ ಹಾಗಿದ್ದ. ಇಂಥ ಮುಖವನ್ನು ದೇವರಿಗೆ ತೋರಿಸಲಾರೆ ಎಂದೆ. ಕಂಪ್ಯೂಟರಿನಲ್ಲಿ ಮಾತ್ರ ಚೆನ್ನಾಗಿಯೇ ಕಾಣುತ್ತಿದ್ದ. ಬಿಳಿ ಷರಟು, ದಟ್ಟ ಮೀಸೆ. ಆದರೆ ದೇವರು ಇರುವುದು ಅಡುಗೆಮನೆಯ ಗೂಡಿನಲ್ಲಿ, ಕಂಪ್ಯೂಟರ್ ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ ದೇವರ ಫೋಟೋವನ್ನೇ ಮುಂದಿನ ಕೋಣೆಗೆ ತಂದು ಮಾನಿಟರಿನ ಎದುರಿಗೆ ಇಟ್ಟೆ. ಒಂದು ದೀಪ ಹಚ್ಚಿದೆ, ಮಾನಿಟರಿನ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿದೆ.

ಕೈ ಮುಗಿದು ಕಣ್ಣು ಬಿಡುವಷ್ಟರಲ್ಲಿ ಹುಡುಗ ಮಾಯ! ಅವನಿದ್ದ ಕಡೆ ಬಣ್ಣಬಣ್ಣದ ಪೈಪುಗಳು ಒಂದರೊಳಗೊಂದು ಸುತ್ತಿಕೊಳ್ಳುತ್ತ ಬೆಳೆಯುತ್ತಿದ್ದವು.

"ವಿದ್ಯಾ, ಬಾರೇ ಇಲ್ಲಿ! ಹುಡುಗ ಹೋದ, ಕೊಳಾಯಿ ಬಂತು!"

"ಅಜ್ಜಿ, ಅದು ಸ್ಕ್ರೀನ್ ಸೇವರ್. ಒಂದೇ ಚಿತ್ರ ತುಂಬ ಹೊತ್ತು ನಿಂತ್ರೆ ಸ್ಕ್ರೀನ್ ಹಾಳಾಗುತ್ತೆ ಅಂತ ತಾನೇ ಬದಲಾಗುತ್ತೆ."

"ದೇವರು ನೋಡೋದು ಬೇಡ್ವೇನೇ? ಪೂಜೆ ಮಧ್ಯ ಎದ್ದು ಹೋಗೋ ಗಂಡು ನಾಳೆ ಸಂಸಾರದಲ್ಲಿ ನಿಲ್ತಾನಾ? ತೆಗಿ ಅದನ್ನ."

"ಅಮ್ಮ ಬಂದ್ರೆ ನನಗೆ ಬೈತಾಳೆ."

"ನನ್ನ ಹೆಸರು ಹೇಳು. ನನಗೆ ಬೈದು ಅಭ್ಯಾಸ ಇದೆ ಅವಳಿಗೆ."

ವಿದ್ಯಾ ಅದನ್ನು ನಿಲ್ಲಿಸಿಕೊಟ್ಟಳು. ಹಗಲೂ ರಾತ್ರಿ ಹುಡುಗ ಅಲ್ಲೇ ಇದ್ದ. ನಾನು ಕಾಫಿ ಕುಡಿಯುವಾಗ ನೋಡುತ್ತಿದ್ದ, ಹುರುಳಿಕಾಯಿ ನಾರು ತೆಗೆಯುವಾಗ ನೋಡುತ್ತಿದ್ದ. ಸ್ವಂತ ಗಂಡನನ್ನೂ ನಾನು ಅಷ್ಟು ಹೊತ್ತು ಎದುರಿಗೆ ಕೂರಿಸಿಕೊಂಡವಳಲ್ಲ. ಮನೆಯಲ್ಲಿ ಯಾರೂ ಬೀಳಲಿಲ್ಲ, ಏನೂ ಒಡೆಯಲಿಲ್ಲ. ದೇವರು ಒಪ್ಪಿದ ಎಂದು ಫೋನು ಮಾಡಿಸಿದರೆ ಆ ಕಡೆಯವರು, ನಮ್ಮ ಹುಡುಗನಿಗೆ ಸೋದರತ್ತೆ ಮಗಳೇ ನಿಶ್ಚಯವಾದಳು ಎಂದರು. ಹೋಗಲಿ ಎಂದು ದೀಪ ಶಾಂತ ಮಾಡಿ, ದೇವರನ್ನು ಗೂಡಿಗೆ ಸೇರಿಸಿ, ವಿದ್ಯಾಳಿಗೆ ಆ ಫೋಟೋ ತೆಗೆಯಲು ಹೇಳಿದೆ. ತೆಗೆದಳು. ಹುಡುಗ ಹೋಗಲಿಲ್ಲ.

ಹೋಗಲಿಲ್ಲ ಎಂದರೆ, ಮಂಜಿನ ಆಚೆ ನಿಂತವನ ಹಾಗೆ ಮಸಕಾಗಿ ಅಲ್ಲೇ ಉಳಿದ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ವಿಭೂತಿ ಹಚ್ಚಿ ಒರೆಸಿದೆ, ಕೊನೆಗೆ ನಿಂಬೆಹಣ್ಣು ನಿವಾಳಿಸಿ ಬೀದಿಗೆ ಎಸೆದೆ. ಅರಿಶಿನ ಹೋಯಿತು, ಹುಡುಗ ಹೋಗಲಿಲ್ಲ. ಗಿರಿಜಾ ಊರಿನಿಂದ ಬಂದು ಯಾರದೋ ಮದುವೆಯ ಕಾರ್ಡು ತೆರೆದಳು. ವಧು ವರರ ಹೆಸರಿನ ಹಿಂದೆ ಮೂರನೆಯವನೊಬ್ಬ ನಗುತ್ತಿದ್ದ.

"ಅತ್ತೇ! ಯಾರಿದು?"

"ತುಮಕೂರಿನವನು."

"ಇಲ್ಲಿ ಏನ್ ಮಾಡ್ತಿದಾನೆ?"

"ಅದು ಅವನಿಗೂ ಗೊತ್ತಿಲ್ಲ ಕಣೇ."

ಅವಳು ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು, ನಾನೂ ಕೂಗಿ ಹಗುರಾಗುತ್ತಿದ್ದೆ. ಸುಮ್ಮನೆ ಕುರ್ಚಿಯಲ್ಲಿ ಕೂತು ಆ ಮುಖವನ್ನೇ ನೋಡಿದಳು. ಮಾನಿಟರ್ ಕೊಂಡ ಅಂಗಡಿಗೆ ವಿದ್ಯಾ ಫೋನು ಮಾಡಿ ವಿಚಾರಿಸಿದಳು. ಪರದೆಯೊಳಗೆ ಹರಳಿನಂಥ ಏನೋ ಇದ್ದು, ಚಿತ್ರಕ್ಕೆ ತಕ್ಕ ಹಾಗೆ ಹೊರಳುತ್ತಿರುತ್ತದಂತೆ. ಒಂದೇ ಚಿತ್ರ ಬಹಳ ಹೊತ್ತು ಇಟ್ಟರೆ ಅದೇ ಭಂಗಿಯಲ್ಲಿ ಜಡ್ಡುಗಟ್ಟಿ ಮತ್ತೆ ಹೊರಳಲು ಮೊಂಡು ಮಾಡುತ್ತದಂತೆ. ಇದು ನನಗೆ ತಟ್ಟನೆ ಅರ್ಥವಾಯಿತು. ಹರಿಕಥೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ನನ್ನ ಮಂಡಿ ಮಾಡುವುದೂ ಅದನ್ನೇ. ಚಿತ್ರ ಬದಲಾಯಿಸುತ್ತಿರಬೇಕಿತ್ತು, ಕೆಲಸವಿಲ್ಲದಾಗ ಆರಿಸಬೇಕಿತ್ತು, ಬೆಳಕು ತಗ್ಗಿಸಬೇಕಿತ್ತು. ಈಗ ಉಳಿದಿರುವ ಉಪಾಯವೆಂದರೆ ಬರೀ ಬಿಳಿ ಪರದೆ ಹಾಕಿ ಬಿಡುವುದು. ಮೆಲ್ಲಗೆ ಇಳಿಯಬಹುದು, ಇಳಿಯದೆಯೂ ಇರಬಹುದು.

ಬಿಳಿ ಹಾಕಿದೆವು. ಮೊದಲು ಷರಟು ಹೋಯಿತು, ಆಮೇಲೆ ಕಿವಿ ಹೋಯಿತು. ಕಣ್ಣು, ಮೀಸೆ ಹೋಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಬಂಧ ಬಂತು. ಜಯನಗರದ ಹೆಂಗಸೊಬ್ಬರು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ವಿದ್ಯಾಳ ಲ್ಯಾಬಿಗೆ ಹೋಗುತ್ತಿದ್ದರು. ಒಂದೇ ಚುಚ್ಚಿಗೆ ನರ ಹಿಡಿಯುವ ಹುಡುಗಿ ಎಂದು ಮೆಚ್ಚಿ, ನಮ್ಮ ವಿಳಾಸ ಕೇಳಿ, ಅವಳ ಫೋಟೋ ತೆಗೆದುಕೊಂಡು ಹೋಗಿದ್ದರು. ಅವರನ್ನು ಲ್ಯಾಬಿಗೆ ಸ್ಕೂಟರಿನಲ್ಲಿ ಕರೆತರುತ್ತಿದ್ದ ಮಗನೇ ಗಂಡು, ಶ್ರೀಧರ, ಬ್ಯಾಂಕಿನಲ್ಲಿ ಕೆಲಸ. ಬೇರೆ ಗಂಡುಗಳು ಬರುವ ದಿನ ವಿದ್ಯಾ ಲ್ಯಾಬಿನಿಂದ ನೇರ ಬಂದು, ಕೈ ತೊಳೆದು, ತಟ್ಟೆ ಹಿಡಿದು ನಿಲ್ಲುತ್ತಿದ್ದಳು. ಈ ಸಲ ಬೆಳಗ್ಗೆಯೇ ತಲೆಗೆ ಸ್ನಾನ ಮಾಡಿ, "ಅಜ್ಜಿ, ಹಸಿರು ಸೀರೆನಾ, ನೇರಳೆನಾ?" ಎಂದು ಕೇಳಿದಳು. ಹುಡುಗಿ ಈ ಗಂಡನ್ನು ಬಯಸುತ್ತಿದ್ದಾಳೆ. ಅವರು ಕೂರಬೇಕಾದದ್ದು ಮುಂದಿನ ಕೋಣೆಯಲ್ಲಿ. ಅಲ್ಲಿ ಆಗಲೇ ಒಬ್ಬ ಕೂತಿದ್ದಾನೆ, ನಾನು ಕೂರಿಸಿದವನು.

ಕಂಪ್ಯೂಟರ್ ಆರಿಸು ಎಂದು ನಾನು ಗಿರಿಜಾಳಿಗೆ ಹೇಳಿದೆ, ಗಿರಿಜಾ ನನ್ನ ಮಗನಿಗೆ ಹೇಳಿದಳು. ನನ್ನ ಮಗ ಯಾವ ಕೆಲಸಕ್ಕೂ ಹೂಂ ಎನ್ನುವ ಒಳ್ಳೆಯ ಮನುಷ್ಯ. ಹೂಂ ಎಂದು ಮಾನಿಟರಿನ ಮೇಲೆ ಕ್ರೋಷಾ ಹೆಣೆದ ಬಟ್ಟೆ ಮುಚ್ಚಿ, ಹೂವು ತರಲು ಹೋದ. ಆರಿಸಲಿಲ್ಲ.

ತಾಯಿ, ಮಗ, ಜೊತೆಗೆ ಹುಡುಗನ ದೊಡ್ಡಪ್ಪ ಬಂದರು. ದೊಡ್ಡಪ್ಪ ರಿಟೈರಾದವರು, ಮುಖದಲ್ಲಿ ನಗು ಇಲ್ಲ. ಕತ್ತಲೆ ಕೋಣೆಯಲ್ಲಿ ಬಟ್ಟೆಯ ತೂತುಗಳಿಂದ ಬೆಳಕು ಸೋರುವುದು ಮೊದಲು ಅವರ ಕಣ್ಣಿಗೇ ಬಿತ್ತು. "ಏನೋ ಉರೀತಿದೆಯಲ್ಲಮ್ಮ" ಎಂದು ಬಟ್ಟೆ ಎತ್ತಿದರು. ಬಿಳೀ ಪರದೆ. ಅದರ ನಡುವೆ ಎರಡು ಕಣ್ಣು, ಒಂದು ಮೀಸೆ.

"ಯಾರಿವರು? ನಿಮ್ಮ ಮನೆಯವರಾ?"

ಗಿರಿಜಾ ಕಾಫಿ ಲೋಟ ನೋಡಿದಳು. ನನ್ನ ಮಗ ಹೂಂ ಎನ್ನಲು ಬಾಯಿ ತೆರೆದ. ನಾನು ಒಂದು ಸುಳ್ಳು ಹುಡುಕುತ್ತಿದ್ದೆ. ಸೋದರಮಾವ ಎನ್ನಲೋ, ಯಾವನೋ ಗಿರಾಕಿ ಎನ್ನಲೋ. ಅಷ್ಟರಲ್ಲಿ ವಿದ್ಯಾ ತಟ್ಟೆ ಕೆಳಗಿಟ್ಟು, "ಇಲ್ಲ ಅಂಕಲ್. ಹೋದ ತಿಂಗಳು ನನಗೆ ಅಂತ ನೋಡಿದ್ದ ಗಂಡು. ಅಜ್ಜಿ ದೇವರ ಮುಂದೆ ಇಟ್ಟಿದ್ರು, ಸ್ಕ್ರೀನಿಗೆ ಅಂಟಿಕೊಂಡಿದೆ. ಇಳೀತಾ ಇಲ್ಲ" ಎಂದಳು. ರಕ್ತದ ರಿಪೋರ್ಟ್ ಓದುವ ದನಿಯಲ್ಲಿ. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಿತ್ತು. ಮುಗಿಯಿತು, ಮೊಮ್ಮಗಳ ಬಾಳಿಗೆ ಮೀಸೆ ಬರೆದವಳು ನಾನೇ ಎಂದುಕೊಂಡೆ.

ಶ್ರೀಧರ ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ನನ್ನ ಕಡೆ ತಿರುಗಿದ.

"ಅಜ್ಜಿ, ನನ್ನ ಜಾತಕ ಬಂದಾಗ್ಲೂ ಹೀಗೆ ಇಟ್ರಾ?"

"ಇಡ್ತಿದ್ದೆ ಕಣಪ್ಪ" ಎಂದೆ. "ಇವನು ಜಾಗ ಬಿಡಲಿಲ್ಲ."

ಮೊದಲು ನಕ್ಕದ್ದು ಅವನ ತಾಯಿ. ನಗುತ್ತ ನಗುತ್ತ ಕೆಮ್ಮು ಬಂದು ವಿದ್ಯಾ ನೀರು ಕೊಡಬೇಕಾಯಿತು. ಆಮೇಲೆ ಆಕೆ ನನ್ನ ಪಕ್ಕಕ್ಕೆ ಸರಿದು, "ಅಮ್ಮ, ನಿಮಗೊಬ್ಬರಿಗೆ ಹೇಳ್ತೀನಿ. ವಿದ್ಯಾ ಫೋಟೋ ನಾವೂ ದೇವರ ಮುಂದೆ ಇಟ್ಟಿದ್ವಿ. ಮಾರನೇ ದಿನಾನೇ ಮಿಕ್ಸಿ ಸುಟ್ಟುಹೋಯ್ತು" ಎಂದರು.

"ಮತ್ತೆ?"

"ಮತ್ತೇನು, ಅದು ಹಳೇ ಮಿಕ್ಸಿ, ಇದಕ್ಕೂ ಹುಡುಗಿಗೂ ಸಂಬಂಧ ಇಲ್ಲ ಅಂತ ನಾನೇ ದೇವರಿಗೆ ಹೇಳಿದೆ. ನನಗೆ ಈ ಹುಡುಗಿ ಬೇಕಿತ್ತು."

ನಿಮಗೊಬ್ಬರಿಗೆ ಎಂದದ್ದು ಇಡೀ ಕೋಣೆಗೆ ಕೇಳಿಸಿತು. ದೊಡ್ಡಪ್ಪ ಮಾತ್ರ ನಗಲಿಲ್ಲ. ಬಟ್ಟೆಯನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟು, ಕೇಸರಿಬಾತ್ ಎರಡನೇ ಸಲ ಹಾಕಿಸಿಕೊಂಡರು. ಅದು ಒಪ್ಪಿಗೆಯ ಲಕ್ಷಣ ಎಂದು ಶ್ರೀಧರನ ತಾಯಿ ಕಣ್ಣಲ್ಲೇ ನನಗೆ ತಿಳಿಸಿದರು.

ಮದುವೆಯ ಕಾರ್ಡನ್ನು ಗಿರಿಜಾಳೇ ಆ ಮಾನಿಟರಿನಲ್ಲಿ ಮಾಡಿದಳು. ಅಷ್ಟು ಹೊತ್ತಿಗೆ ಕಣ್ಣುಗಳೂ ಹೋಗಿದ್ದವು. ಉಳಿದ ಮೀಸೆಯ ಗುರುತನ್ನು, ತೋರಣದ ನೆರಳು ಅಂದುಕೊಂಡರೆ ಆಯಿತು ಎಂದಳು. ಸೊಸೆ ನನ್ನನ್ನು ಕ್ಷಮಿಸಿದ್ದು ಹಾಗೆ.

ಮದುವೆಯ ಹಿಂದಿನ ದಿನ, ನಿಶ್ಚಿತಾರ್ಥದಲ್ಲಿ, ಬೀಗಿತ್ತಿ ನನ್ನನ್ನು ಅವರ ನೆಂಟರಿಗೆಲ್ಲ, ಕಂಪ್ಯೂಟರಿಗೆ ಗಂಡು ಅಂಟಿಸಿದವರು ಇವರೇ ಎಂದು ಪರಿಚಯಿಸಿದರು. ಹುಡುಗಿಯನ್ನು ನೋಡುವುದು ಬಿಟ್ಟು ಜನ ನನ್ನನ್ನು ನೋಡಿಕೊಂಡು ಹೋದರು. ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಆ ದೊಡ್ಡಪ್ಪ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅಮ್ಮ, ನನಗೊಬ್ಬ ಮಗ ಇದಾನೆ. ಎಷ್ಟು ಕಡೆ ತೋರಿಸಿದ್ರೂ ಕೂಡಿ ಬರ್ತಿಲ್ಲ. ಅವನ ಫೋಟೋನೂ ನಿಮ್ಮ ಕಂಪ್ಯೂಟರ್‌ನಲ್ಲಿ ಒಂದು ನಾಲ್ಕು ದಿನ ಇಡೋಕಾಗುತ್ತಾ?" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ನನಗೆ ಬುದ್ಧಿ ಬಂದಿದೆ, ಸೊಸೆ ಮನೆಯಿಂದಲೇ ಆಚೆ ಹಾಕುತ್ತಾಳೆ, ಅಂಥ ಕೆಲಸ ಇನ್ನು ಸಾಯುವವರೆಗೂ ಮಾಡುವುದಿಲ್ಲ ಎಂದು ಖಂಡಿತವಾಗಿ ಹೇಳಿದೆ. ಅವರು ಬೇಸರದಿಂದ ಏಳಲು ಹೊರಟರು. ಅವರ ಕೈ ಹಿಡಿದು ಕೂರಿಸಿ, ಹುಡುಗನಿಗೆ ಕೆಲಸ ಎಲ್ಲಿ, ನಕ್ಷತ್ರ ಯಾವುದು ಎಂದು ಕೇಳಿದೆ. ಗಿರಿಜಾಳ ತಂಗಿಗೆ ಒಬ್ಬಳು ಮಗಳಿದ್ದಾಳೆ. ಅವರ ಮನೆಯಲ್ಲೂ ಕಂಪ್ಯೂಟರ್ ಇದೆ.