ಅಂದೋಲಾದ ಹುಡುಗಿ ಬಸ್ಸು ಹೊಡೆದದ್ದು

ಡ್ರೈವಿಂಗ್ ಕಲಿಸುವವನ ಪಕ್ಕದಲ್ಲಿ ದಿನಾ ಯಾರೋ ಒಬ್ಬ ಹೊಸಬ ಕೂತಿರುತ್ತಾನೆ. ಹೀಗಾಗಿ ನಗುವಂಥದ್ದು ನಡೆಯದ ದಿನವಿಲ್ಲ. ಗಾಡಿ ಕೆಟ್ಟು ಗ್ಯಾರೇಜಿನಲ್ಲಿದ್ದರೆ ಮಾತ್ರ ಶಾಂತಿ.

ಜೇವರ್ಗಿಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲು. ಬಹಳ ಜನ ಕಲಿತು ಹೋದರು. ಇಲ್ಲಿ ಬರೆಯುವುದು ಒಬ್ಬಳದು. ಪಕ್ಕದ ಹಳ್ಳಿ ಅಂದೋಲಾದ ರೈತರ ಮಗಳು. ಪಿಯುಸಿ ಪಾಸು.

"ಸರ್, ನಾ ಬಸ್ ಡ್ರೈವರ್ ಆಗಬೇಕ್ರಿ" ಎಂದಳು.

"ಮೊದ್ಲ ಕಾರು" ಎಂದೆ.

ಹಾರ್ನು

ಎರಡನೆಯ ದಿನ ರಸ್ತೆ ತುಂಬ ಕುರಿ ಹಿಂಡು.

"ಹಾರ್ನ್ ಹೊಡಿ" ಎಂದೆ.

ಅವಳು ಕಿಟಕಿ ಇಳಿಸಿ ಹೊರಗೆ ತಲೆ ಹಾಕಿದಳು. "ಹೈ ಹೈ ಹುರ್ರ್!" ಎಂದು ಗಂಟಲು ಹರಿಯುವಂತೆ ಕೂಗಿದಳು. ಕುರಿಗಳು ಎರಡು ಭಾಗವಾಗಿ ದಾರಿ ಬಿಟ್ಟವು.

"ಹಾರ್ನ್ ಎಲ್ಲಿ ಹೋತು?"

"ಕುರಿಗೆ ಹಾರ್ನ್ ತಿಳಿಯಂಗಿಲ್ರಿ ಸರ್. ಇದು ತಿಳೀತದ."

ಮಾರನೆಯ ದಿನ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ನಡುರಸ್ತೆಯಲ್ಲಿ ಹೊರಟಿತ್ತು. ಹಾರ್ನ್ ಹೊಡೆದು ಹೊಡೆದು ಸಾಕಾಯಿತು. ಅವಳು ಮತ್ತೆ ಕಿಟಕಿ ಇಳಿಸಿ ಅದೇ ಕೂಗು ಹಾಕಿದಳು.

ಟ್ರ್ಯಾಕ್ಟರಿನವನೂ ಪಕ್ಕಕ್ಕೆ ಸರಿದ.

ಅಪ್ಪ

ಒಂದು ದಿನ ಅವಳ ಅಪ್ಪ ಹಿಂದಿನ ಸೀಟಿನಲ್ಲಿ ಬಂದು ಕೂತ. ಮಗಳು ಹೇಗೆ ಕಲಿಯುತ್ತಾಳೆ ನೋಡಬೇಕಂತೆ.

"ಒಂದ ಸಲ ಪರೀಕ್ಷೆ, ಮಾಸ್ತರ್" ಎಂದ. "ಬಸ್ಸಿನ ಲೈಸೆನ್ಸಿಗೆ ಒಂದ ಸಲ ಬಿಡ್ತೇನಿ. ಫೇಲಾದ್ಳು ಅಂದ್ರ ಮುಗೀತು. ಮನ್ಯಾಗ ಹೊಲಿಗಿ ಮಷಿನ್ ಅದ."

ಹುಡುಗಿ ಗೇರ್ ಹಾಕಿದಳು. ಗಾಡಿ ಹೊರಟಿತು. ನಾನು "ಗೇರ್" ಎಂದರೆ ಅಪ್ಪ ಹಿಂದಿನಿಂದ "ಸಾವಕಾಶ" ಎನ್ನುತ್ತಿದ್ದ. ನಾನು "ಎಡಕ್ಕ" ಎಂದರೆ ಅವನು ಎತ್ತಿಗೆ ಹೇಳುವ ಹಾಗೆ "ಹೋ ಹೋ" ಎನ್ನುತ್ತಿದ್ದ. ಎರಡು ಸಲ ಗಾಡಿ ಬಂದ್ ಬಿತ್ತು.

"ಮಾಸ್ತರ್, ನೀವು ಭಾಳ ಕಡಿಮಿ ಮಾತಾಡ್ತೀರಿ" ಎಂದ ಅಪ್ಪ. "ಫೀಸ್ ಕೊಟ್ಟೇನಿ. ಒಂದಾದ್ರೂ ಮಾತು ಜಾಸ್ತಿ ಆಡ್ರಿ."

ಆಡಿದೆ. "ಇಳೀರಿ."

ಬ್ಯಾಳಿ

ಕಲಿಸುವ ಕಾರಿನಲ್ಲಿ ನನ್ನ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಅದನ್ನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ತಾವು ಒತ್ತುವುದನ್ನೇ ಬಿಡುತ್ತಾರೆ.

"ಸರ್, ನಾ ಕಾಲು ಇಡೋದ್ರಾಗ ಗಾಡಿ ನಿಂತಿರ್ತದ. ಯಾರು ನಿಲ್ಲಸ್ತಾರ?" ಎಂದು ಕೇಳಿದಳು.

"ನಾ" ಎಂದೆ. ಸುಳ್ಳು ಹೇಳಲು ಬಹಳ ಮಾತು ಬೇಕು.

ಮರುದಿನ ತೊಗರಿ ಬ್ಯಾಳಿಯ ಚೀಲ ಹೊತ್ತು ತಂದು ನನ್ನ ಕಾಲಬುಡದಲ್ಲಿ ಇಟ್ಟಳು. "ಅವ್ವ ಕೊಟ್ಟಾಳ್ರಿ. ಹಿಂದ ಇಟ್ರ ಚೆಲ್ತದ."

ಬ್ರೇಕು ಚೀಲದ ಹಿಂದೆ ಹೋಯಿತು. ನಾನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅವಳು ಸಂತೆಯ ಗದ್ದಲದಲ್ಲಿ ಹಾಯ್ದು ಅಂದೋಲಾ ಮುಟ್ಟಿ ತಿರುಗಿ ಬಂದಳು. ಎಲ್ಲಿಯೂ ಎಡವಲಿಲ್ಲ.

ಅವತ್ತಿನಿಂದ ಬ್ರೇಕು ಅವಳದು. ಬ್ಯಾಳಿ ನನ್ನದು.

ತಿರುವು

ಕಾರಿನ ಲೈಸೆನ್ಸು ಬಂತು, ಬಸ್ಸನ್ನೂ ಕಲಿತಳು. ವರ್ಷದ ಮೇಲೆ ಬಸ್ಸಿನ ಪರೀಕ್ಷೆ ಬಂತು. ಸಾಲಿನಲ್ಲಿ ಇವಳೊಬ್ಬಳೇ ಹೆಣ್ಣು. ಆಳಂದದಿಂದ ಬಂದ ಹುಡುಗರು, "ಅಕ್ಕಾ, ಸ್ಕೂಟಿ ಪರೀಕ್ಷೆ ಆ ಕಡಿ ಅದ" ಎಂದು ನಕ್ಕರು. ಅವಳ ಅಪ್ಪ ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದ.

ನಾನು ಬಸ್ಸಿನ ಹಿಂದಿನ ಸೀಟಿನಲ್ಲಿದ್ದೆ. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಮುಂದೆ. ಬಸ್ಸು ತಿರುವಿಗೆ ಬಂದಾಗ ಅವರು ಒಮ್ಮೆಲೇ, "ನಿಲ್ಸು" ಎಂದರು.

ಅವಳು ನಿಲ್ಲಿಸಲಿಲ್ಲ.

"ಏ, ನಿಲ್ಸು ಅಂದೆ!"

"ತಿರುವಿನ್ಯಾಗ ನಿಲ್ಲಸಬಾರ್ದು ಅಂತ ನಮ್ಮ ಸರ್ ಹೇಳ್ಯಾರ್ರಿ."

ಇದೊಂದೇ ಅವಕಾಶ. ಮನೆಯಲ್ಲಿ ಹೊಲಿಗೆ ಮಷಿನ್ನು.

"ನಿಮ್ಮ ಸರ್ ದೊಡ್ಡಾವರೋ, ನಾ ದೊಡ್ಡಾಂವೋ?" ಎಂದರು ಇನ್ಸ್‌ಪೆಕ್ಟರ್.

"ತಿರುವು ದಾಟಿದ ಮ್ಯಾಲ ಹೇಳ್ತೇನ್ರಿ."

ದಾಟಿದಳು. ಎಡಕ್ಕೆ ತೆಗೆದು ಮೆಲ್ಲಗೆ ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ಉತ್ತರ ಕೇಳಲಿಲ್ಲ. ಸಹಿ ಮಾಡಿದರು.

ಆ ಸಲ ತಿರುವಿನಲ್ಲಿ ನಿಲ್ಲಿಸಿದ ಹುಡುಗರೆಲ್ಲ ಫೇಲು.

ಟವಲ್ಲು

ಈಗ ಅವಳು ಖಾಕಿ ಹಾಕಿ ಜೇವರ್ಗಿಯಿಂದ ಅಫಜಲಪುರಕ್ಕೆ ಸರಕಾರಿ ಬಸ್ಸು ಹೊಡೆಯುತ್ತಾಳೆ. ಮೊದಲ ವಾರವೇ ನಾನೂ ಅವಳ ಅಪ್ಪನೂ ಹೋಗಿ ಮುಂದಿನ ಸೀಟಿನಲ್ಲಿ ಕೂತೆವು. ಅವಳು ಬಸ್ಸಿನ ಎಂಟ್ರಿ ಮಾಡಿಸಲು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಹೋಗಿದ್ದಳು.

ಸೀಟು ಹಿಡಿಯಲು ಜನ ಕಿಟಕಿಯಿಂದ ಟವಲ್ಲು, ಚೀಲ ಒಗೆಯುತ್ತಿದ್ದರು. ಗದ್ದಲದಲ್ಲಿ ಒಬ್ಬ ಮುದುಕ ಒಗೆದ ಟವಲ್ಲು ನೇರ ಡ್ರೈವರ್ ಸೀಟಿಗೆ ಬಿತ್ತು. ಅವಳು ಬಂದಳು, ಟವಲ್ಲು ಮಡಚಿ ಪಕ್ಕಕ್ಕಿಟ್ಟು ಕೂತಳು. ಮುದುಕ ನುಗ್ಗಿಕೊಂಡು ಒಳಗೆ ಬಂದ.

"ಏಳವ್ವ. ನಾ ಟವಲ್ ಹಾಕೀನಿ."

"ಕಾಕಾ, ಇದು ಡ್ರೈವರ್ ಸೀಟ್ರಿ."

"ಗೊತ್ತದ. ಡ್ರೈವರ್ ಬಂದ್ರ ನಾ ಏಳ್ತೇನಿ. ಅಲ್ಲಿಮಟ ನಂದು."

ಬಸ್ಸಿನವರೆಲ್ಲ ನಕ್ಕರು. ಅವಳ ಅಪ್ಪ ನಗಲಿಲ್ಲ. ಎದ್ದು ನಿಂತ. ಮುದುಕನ ಕೈ ಹಿಡಿದು ತನ್ನ ಜಾಗದಲ್ಲಿ ಕೂಡಿಸಿದ.

"ನೀವು ಇಲ್ಲಿ ಕೂಡ್ರಿ ಯಜಮಾನ್ರ. ಅದು ನನ್ನ ಮಗಳ ಸೀಟು."

ಕಂಬಿ ಹಿಡಿದು ನಿಂತವನ ಎದೆ ಅಂಗಿ ಹರಿಯುವಷ್ಟು ಉಬ್ಬಿತ್ತು. ಮುದುಕ ಅವಳನ್ನೇ ನೋಡುತ್ತ ನನ್ನ ಕಡೆ ವಾಲಿ ಪಿಸುಗುಟ್ಟಿದ:

"ಎಲ್ಲಾ ಖರೆ. ಆದ್ರ ಡ್ರೈವರ್ ಬಂದ್ಮ್ಯಾಲ ಪಾಪ, ಆ ಹುಡುಗಿ ಎಲ್ಲಿ ಕೂಡ್ತಾಳ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಗೇರ್ ಹಾಕಿದಳು.