ನೂಲಾಗಬೇಕಾದದ್ದು ಮೋಡವಾಯಿತು

ನಮ್ಮ ಅತ್ತೆಗೆ, ಅಂದರೆ ನನ್ನ ತಂದೆಯ ಅಕ್ಕನಿಗೆ, ಹತ್ತಿ ಕಂಡರೆ ಸಾಕು, ಅದು ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ! ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಹಾಸಿಗೆಯ ಮೂಲೆ ಬಿಚ್ಚಿಕೊಂಡು ಹೊಟ್ಟೆ ಒಳಗೆ ಹೋಗಿದೆ.

“ಇಲಿ ಬಂದಿತ್ತೇ?” ಎಂದೆ ಗಾಬರಿಯಿಂದ.

“ಇಲಿ ಅಲ್ಲಪಾ, ನಾನು. ಹುಡುಗ್ರಿಗೆ ಮೋಡ ಬೇಕಾಗಿತ್ತು.”

ಮೋಡ ಬೇಕಾದರೆ ಆಕಾಶವಿಲ್ಲವೇ? ಅದೂ ಸೊರಬದಲ್ಲಿ! ನಮ್ಮ ಶಿಕಾರಿಪುರದ ಕಡೆ ಮೋಡವೆಂದರೆ ದೂರದ ನೆಂಟ. ಇಣುಕಿ, ಕ್ಷೇಮ ವಿಚಾರಿಸಿ ಮುಂದೆ ಹೋಗುತ್ತದೆ. ಇಲ್ಲಿ ಅದು ಮನೆಅಳಿಯ. ಬಂದು ಕೂತರೆ ಏಳುವ ಮಾತಿಲ್ಲ.

ನನಗೆ ಇಲ್ಲಿಯ ಪ್ರಾಥಮಿಕ ಶಾಲೆಗೆ ವರ್ಗವಾದಾಗ ಅತ್ತೆಯೂ ಜೊತೆಗೆ ಬಂದರು. ಆಗಷ್ಟೇ ಮೇಲಿನಿಂದ ಆಜ್ಞೆ ಬಂದಿತ್ತು: ಮಕ್ಕಳಿಗೆ ಕೈಕೆಲಸ ಕಲಿಸಿ, ತಕಲಿಯಲ್ಲಿ ನೂಲು ತೆಗೆಸಿ. ತಕಲಿ ಬಂತು, ಹತ್ತಿಯ ಹಂಜಿ ಬಂತು, ಕಲಿಸುವವರು ಮಾತ್ರ ಬರಲಿಲ್ಲ. ನಾನು ತಿರುಗಿಸಿದರೆ ತಕಲಿ ಒಂದು ಕಡೆ, ಎಳೆ ಒಂದು ಕಡೆ, ಕನ್ನಡಕ ಇನ್ನೊಂದು ಕಡೆ! ಅತ್ತೆಗೋ ನೂಲುವುದು ಉಸಿರಾಡಿದಷ್ಟು ಸಲೀಸು. ಒಂದನೆಯ ತರಗತಿಯ ಮಕ್ಕಳನ್ನು ಅವರ ವಶಕ್ಕೆ ಕೊಟ್ಟು ಶಾಲೆಯ ಹಿಂದಿನ ಜಗುಲಿಯಲ್ಲಿ ಕೂರಿಸಿದೆ.

ಅವರು ನೂಲು ಬಿಟ್ಟು ಮೋಡ ಹಿಡಿದರು. ಸ್ಲೇಟಿಗೆ ಬಟ್ಟೆಯ ನೀಲಿ ಬಳಿ, ಗಂಜಿ ಹಚ್ಚು, ಹಂಜಿ ಬಿಡಿಸಿ ಅಂಟಿಸು! ಎಳೆ ಎಳೆಯಾಗಿ ಹಿಂಜಿದರೆ ಎತ್ತರದ ಮೋಡ, ಅದರಿಂದ ಹನಿಯೂ ಬೀಳದು. ಉಂಡೆ ಉಂಡೆಯಾಗಿ ಇಟ್ಟರೆ ಬಿಸಿಲಿನ ಮೋಡ. ದಪ್ಪಗೆ ಒತ್ತಿ ದೀಪದ ಮಸಿ ತೀಡಿದರೆ ಮಳೆಮೋಡ. ಮಸಿ ಸ್ಲೇಟಿಗಿಂತ ಮಕ್ಕಳ ಮೂಗಿಗೇ ಹೆಚ್ಚು ಹತ್ತಿತು.

“ಮೇಷ್ಟ್ರೇ, ಹುಡುಗನ್ನ ಓದಕ್ಕೆ ಕಳ್ಸಿದ್ದೋ, ಒಲೆ ಊದಕ್ಕೆ ಕಳ್ಸಿದ್ದೋ ಮಾರಾಯ್ರೆ?” ಎಂದು ಒಬ್ಬ ತಾಯಿ ನಡುಬೀದಿಯಲ್ಲೇ ಕೇಳಿದಳು. ನಾಚಿಕೆಯಾಗಿ ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡೆ. ಆಗ ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ!

ಅಷ್ಟಕ್ಕೇ ನಿಂತರೆ ಅವರು ನಮ್ಮ ಅತ್ತೆಯೇ? ಒಂದು ಸಂಜೆ ಗೂಟಕ್ಕೆ ನೇತುಹಾಕಿದ್ದ ನನ್ನ ಕರಿ ಕೋಟಿಗೆ, “ಬರ್ರಿ, ಯಾಕ್ ನಿಂತೀರಿ, ಕುಂದರ್ರಿ” ಎಂದು ಉಪಚಾರ ಮಾಡಿದರು. ಕೋಟು ಕೂರಲಿಲ್ಲ. “ಭಾಳ ಸಂಕೋಚದವ್ರು” ಎನ್ನುತ್ತ ಒಳಗೆ ಹೋದರು. ಮರುದಿನ ಅದನ್ನು ಉಳಿದ ಮೇಷ್ಟರುಗಳ ಮುಂದೆ ಅಭಿನಯಿಸಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಂಥ ಹೊತ್ತಿನಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಂದುಬಿಟ್ಟರೆ ಎಂದು ಚಿಂತಿಸುತ್ತಿದ್ದೆ. ನನ್ನ ಚಿಂತೆಗಳಲ್ಲಿ ನಿಜವಾಗುವುದು ಅಪರೂಪ, ಇದು ಆಯಿತು.

“ಎಲ್ಲಿ, ಮಕ್ಕಳ ನೂಲು ತೋರಿಸಿ” ಎಂದರು ಸಾಹೇಬರು.

ನಾನು ಬಾಯಿ ತೆರೆಯುವ ಮೊದಲೇ ಒಂದನೆಯ ತರಗತಿಯ ಗಂಗೆ ಎದ್ದು, “ನೂಲೆಲ್ಲ ಮೋಡಕ್ಕೆ ಹೋಯ್ತು ಸಾ” ಎಂದಳು.

ಸಾಹೇಬರು ಜಗುಲಿಗೆ ನಡೆದು, ಅತ್ತೆಯ ಎದುರು ಬಗ್ಗಿ ಸ್ಲೇಟಿಗೆ ಕೈ ಚಾಚಿದರು. ಅತ್ತೆ ಆ ಕೈಯನ್ನೇ ಹಿಡಿದೆಳೆದು, ಗಂಜಿ ಮೆತ್ತಿದ ಹತ್ತಿಯ ಉಂಡೆಯನ್ನು ಅಂಗೈಗೆ ಒತ್ತಿ, “ಹೇಳ್ ನೋಡಾಣ, ಇದ್ಯಾವ ಮೋಡ? ತಪ್ಪಿದ್ರೆ ಕಿವಿ ಹಿಂಡ್ತೀನಿ!” ಎಂದರು.

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ನೆಲ ಬಾಯಿ ಬಿಡಲಿಲ್ಲ.

“ಮುಂದಿನ ಸಲ ಇಲ್ಲಿ ನೂಲು ಇರಬೇಕು, ಇವರು ಇರಬಾರದು” ಎಂದು ಹೇಳಿ, ಸಾಹೇಬರು ಕೈ ತೊಳೆಯಲು ನೀರು ಕೇಳಿದರು.

ಅತ್ತೆಯನ್ನು ಶಿಕಾರಿಪುರದ ಮೋಟಾರು ಹತ್ತಿಸಿ ನನ್ನ ತಮ್ಮನ ಮನೆಗೆ ಕಳಿಸಿಬಿಡುವುದೆಂದು ನಿಶ್ಚಯಿಸಿದೆ. ‘ಅಲ್ಲಿ ಗಾಳಿ ಒಳ್ಳೆಯದು’ ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಮರುದಿನ ಜಗುಲಿಗೆ ಹೋದೆ.

ಗಂಗೆ ಅಂಗಳಕ್ಕೆ ಓಡಿದಳು. ಚಂದ್ರಗುತ್ತಿ ಬೆಟ್ಟದ ದಿಕ್ಕಿಗೆ ತಲೆಯೆತ್ತಿ ನೋಡಿದಳು. ಓಡಿ ಬಂದು, ಒಂದಿಷ್ಟು ಹತ್ತಿಯನ್ನು ಹಿಂಜಿ, ಒತ್ತಿ, ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆ ಬೆರಳಿನಿಂದ ಅದರ ಅಂಚೆಲ್ಲ ತಡವಿದರು.

“ಬುಡ ಕಪ್ಪೈತೇನ?”

“ಸ್ವಲ್ಪ ಅಜ್ಜಿ.”

“ಹಂಗಾರೆ ಮನಿಗೆ ಓಡು, ಮೇಷ್ಟ್ರ ಪಂಚೆ ಒಣಹಾಕೀನಿ, ಒಳಗಿಟ್ಟು ಬಾ. ತೊಯ್ದ್ರೆ ರಾತ್ರಿಯೆಲ್ಲ ಅದನ್ನೇ ಚಿಂತಿ ಮಾಡ್ತಾನ.”

ಹೊರಟ ಗಂಗೆ ನನ್ನನ್ನು ಕಂಡು ಪಿಸುಗುಟ್ಟಿದಳು: “ಅಜ್ಜಿಗೆ ಕಣ್ಣು ಕಾಣಲ್ಲ ಅಲ್ದಾ ಸಾ, ಅದಕ್ಕೇ ನಾವು ಆಕಾಶ ತಂದ್ಕೊಡ್ತೀವಿ. ನಿಮ್ಗೆ ಗೊತ್ತಿಲ್ವಾ?”

ಹೆಂಚು ಸೋರೀತೇ, ಮೋಟಾರು ತಪ್ಪೀತೇ, ಸಂಬಳ ತಡವಾದೀತೇ ಎಂದು ಲೋಕದ ಚಿಂತೆಯನ್ನೆಲ್ಲ ಹೊತ್ತು ತಿರುಗುವ ಮಹಾಶಯ ನಾನು! ಒಂದೇ ಮನೆಯಲ್ಲಿ ಉಂಡು, ಮಲಗಿ, ಇದೊಂದನ್ನು ಕಾಣಲಿಲ್ಲ. ಕೋಟಿಗೆ ಮಾಡಿದ ಉಪಚಾರವನ್ನು ಅಭಿನಯಿಸಿ ನಗಿಸಿದ್ದೆನಲ್ಲ!

“ಯಾರದು?” ಎಂದರು ಅತ್ತೆ.

“ನಾನು.”

“ಬಂದೇನು? ನೀನೂ ಒಂದು ಮೋಡ ತಗಂಬಾ, ನೋಡಾಣ.”

ಬಾಯಿಪಾಠ ಮರೆತುಹೋಯಿತು. ನೂಲು ಬೇಕಾದರೆ ಕನ್ನಡಕಕ್ಕೆ ದಾರ ಕಟ್ಟಿಕೊಂಡು ನಾನೇ ತೆಗೆದೇನು! ಹತ್ತಿ ಹಿಡಿದು ಅಂಗಳಕ್ಕಿಳಿದೆ. ಕೊಡೆ ಬೇಕೇ ಬೇಡವೇ ಎಂದಲ್ಲದೆ ಬೇರಾವ ಕಾರಣಕ್ಕೂ ಆಕಾಶ ನೋಡಿದವನಲ್ಲ ನಾನು. ತುಂಬ ಹೊತ್ತು ನೋಡಿದೆ. ಕಣ್ಣೊರೆಸಿಕೊಂಡ ಕೈಯಲ್ಲೇ ಹತ್ತಿ ಹಿಂಜಿ, ತಂದು ಅವರ ಅಂಗೈಯಲ್ಲಿಟ್ಟೆ.

ಅತ್ತೆ ತಡವಿ ನೋಡಿದರು. ಇನ್ನೊಮ್ಮೆ ತಡವಿದರು.

“ಇಷ್ಟ್ಯಾಕೆ ಒದ್ದಿ ಆಗೈತೋ? ಮಳಿ ಬಂತೇನು?”

“ಹೂಂ ಅತ್ತೆ, ಬಂತು” ಎಂದೆ.

ಪಂಚೆ ಒಳಗಿಟ್ಟು ಓಡಿ ಬಂದಿದ್ದ ಗಂಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು: “ಸುಳ್ಳು ಅಜ್ಜಿ! ಅಂಗಳ ಒಣಗೇ ಇದೆ.”