ನಮ್ಮ ಮಾವನೂ ಮುಳುಗುವ ಹಡಗುಗಳೂ

ನಾನು ಓದು ಬಿಟ್ಟದ್ದು 1998ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಬಿಟ್ಟ ಮರುದಿನವೇ ಚನ್ನಗಿರಿಯ ಒಂದು ವೆಲ್ಡಿಂಗ್ ಶಾಪಿಗೆ ಸೇರಿದೆ. ಇವತ್ತು ಅದೇ ಊರಿನಲ್ಲಿ ನನ್ನದೇ ಶೆಡ್ಡಿದೆ. ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟುತ್ತೇನೆ. ಹೊನ್ನಾಳಿ, ನ್ಯಾಮತಿ, ಜಗಳೂರಿನ ರಸ್ತೆಗಳಲ್ಲಿ ನನ್ನ ಟ್ರೈಲರ್ ಎದುರಾದರೆ ಬೈಕ್ ನಿಲ್ಲಿಸಿ ನೋಡುವಷ್ಟು ಜಂಬವೂ ಇದೆ. ಹೀಗೆ ದುಡಿದು ಮೇಲೆ ಬಂದವನಿಗೆ ಪಾಠ ಹೇಳುವವರು ಯಾರಿದ್ದಾರೆ? ಒಬ್ಬರಿದ್ದಾರೆ, ನನ್ನ ಹೆಂಡತಿಯ ತಂದೆ. ಯಾವ ಹಡಗು ಯಾಕೆ ಮುಳುಗಿತು ಎಂದು ಅವರನ್ನು ಕೇಳಿ, ನಿಂತಲ್ಲೇ ಹೇಳುತ್ತಾರೆ. ಸಮುದ್ರವನ್ನು ಮಾತ್ರ ನೋಡಿಲ್ಲ!

ಮಾವನದು ತ್ಯಾವಣಿಗೆಯಲ್ಲಿ ಕಿರಾಣಿ ಅಂಗಡಿ. ನೀರೆಂದರೆ ಭಯ; ಸೂಳೆಕೆರೆ ಇಷ್ಟು ಹತ್ತಿರವಿದ್ದರೂ ಅದರಲ್ಲಿ ಕಾಲು ತೊಳೆದವರಲ್ಲ. ಮಗಳು ಕೊಡಿಸಿದ ಮೊಬೈಲಿನಲ್ಲಿ ಅದ್ಯಾವಾಗಲೋ ಹಡಗೊಂದು ಮುಳುಗುವ ವಿಡಿಯೋ ಕಂಡಿತು. ಅಂದಿನಿಂದ ಅವರಿಗೆ ಕಾಣುವುದೆಲ್ಲ ಹಡಗೇ.

ದಾವಣಗೆರೆ ಬಸ್ಸಿನ ಟಾಪ್ ಮೇಲೆ ಮೂಟೆ ಹೇರಿದ್ದರೆ ಹತ್ತುವುದಿಲ್ಲ. ಭಾರ ಮೇಲಿದ್ದರೆ ಮಗುಚುತ್ತದಂತೆ. ಒಮ್ಮೆ ಒಂದು ಮದುವೆಗೆ ಹೊರಟು ಬಸ್ಸು ಹತ್ತಿ, ಎಡಕ್ಕೆ ನಿಂತವರನ್ನೆಲ್ಲ ಬಲಕ್ಕೆ ಸರಿಸಲು ಕಂಡಕ್ಟರಿಗೆ ಹೇಳಿದರು.

“ಯಜಮಾನ್ರೇ, ಇದು ಬಸ್ಸು, ಹಡಗಲ್ಲ.”

“ಮುಳುಗೋ ಹಡಗಿನ ಕ್ಯಾಪ್ಟನ್ನೂ ಏನೂ ಆಗಲ್ಲ ಅಂತಾನೇ ಹೇಳಿರ್ತಾನೆ ಕಣಪ್ಪ,” ಎಂದು ಮಾವ ಇಳಿದುಬಿಟ್ಟರು. ಮುಂದಿನ ಬಸ್ಸಿಗೆ ಕಾದು ಮದುವೆಗೆ ತಲುಪುವಾಗ ಧಾರೆ ಮುಗಿದು ಊಟದ ಪಂಕ್ತಿ ಕೂತಿತ್ತು. ಅಲ್ಲಿಯಾದರೂ ಸುಮ್ಮನಿದ್ದರೇ? ಪಾಯಸದ ಕೊಪ್ಪರಿಗೆ ಅರ್ಧ ಮಾತ್ರ ತುಂಬಿದೆ, ಎತ್ತಬೇಡಿ ಎಂದರು. ತುಂಬಿದ್ದರೆ ಅಲ್ಲಾಡಲು ಜಾಗವಿಲ್ಲ. ಅರ್ಧವಿದ್ದರೆ ಎಲ್ಲವೂ ಒಂದೇ ಕಡೆಗೆ ನುಗ್ಗುತ್ತದೆ, ಒಳಗೆ ನೀರು ಹೊಕ್ಕ ಹಡಗು ಉರುಳುವುದೂ ಹಾಗೆಯೇ ಎಂಬುದು ಅವರ ಸಿದ್ಧಾಂತ. ಅಡುಗೆಯವರು ನಕ್ಕು ಎತ್ತಿದರು. ಪಾಯಸ ಬೀಗರ ರೇಷ್ಮೆ ಪಂಚೆಯ ಮೇಲಿತ್ತು!

ನನ್ನ ಶೆಡ್ಡಿಗೆ ಬಂದರೆ ಇನ್ನೂ ಕಷ್ಟ. ಬೆಸೆದ ಜಾಗವನ್ನೆಲ್ಲ ಗೆಣ್ಣಿನಿಂದ ತಟ್ಟುತ್ತಾರೆ. ಒಂದು ದಿನ ಟ್ರೈಲರಿನ ಬಾಗಿಲಿಗೆ ಕತ್ತರಿಸಿದ ಜಾಗ ನೋಡಿ, ಮೂಲೆ ಚೌಕ ಇರಬಾರದು, ಗುಂಡಗೆ ಮಾಡಬೇಕು ಎಂದರು. ಕಬ್ಬಿಣದ ಹಡಗುಗಳು ಬಿರುಕು ಬಿಡುವುದು ಇಂಥ ಮೂಲೆಯಿಂದಲೇ ಅಂತೆ. ಬೆಲ್ಲ ಮಾರುವವರು ನನಗೆ ಕಬ್ಬಿಣದ ಪಾಠ ಹೇಳುವುದೇ? ವೆಲ್ಡಿಂಗ್ ಮಾಡುವವನು ನಾನೋ ನೀವೋ ಎಂದು ಕೇಳಿಯೇಬಿಟ್ಟೆ. ಮಾವ ಬೇಸರಿಸಲಿಲ್ಲ. “ಮಾಡೋರು ನೀವೇ ಅಳಿಯಂದ್ರೇ. ನಾನು ನೋಡೋನು, ಅಷ್ಟೇ.” ನಾನು ಕಟ್ಟಿದ್ದನ್ನು ಅವರು ಒಮ್ಮೆಯಾದರೂ ಚೆನ್ನಾಗಿದೆ ಎಂದವರಲ್ಲ. ಊರೆಲ್ಲ ಹೊಗಳಿದರೂ ಆ ಒಂದು ಬಾಕಿ ನನಗೆ ಚುಚ್ಚುತ್ತಲೇ ಇತ್ತು.

ಹೀಗಿರುವಾಗ ಸೂಳೆಕೆರೆಯ ದಂಡೆಯ ಊರಿನ ಮೀನುಗಾರರು, ಬಲೆ, ಕ್ರೇಟು ಸಾಗಿಸಲು ಒಂದು ಕಬ್ಬಿಣದ ದೋಣಿ ಕಟ್ಟಿಕೊಡಿ ಎಂದು ಬಂದರು. ದೋಣಿ ನನಗೆ ಹೊಸದು. ಇದು ಮುಳುಗಿದರೆ ನನ್ನ ಹೆಸರೂ ಕೆರೆಯ ತಳಕ್ಕೇ. ತೂತಿಲ್ಲದಂತೆ ಬೆಸೆದೆ, ನೀರು ತುಂಬಿ ಸೋರಿಕೆ ನೋಡಿದೆ. ಒಳಗಿನ ಮೂಲೆಗಳನ್ನು ಮಾತ್ರ ಯಾರಿಗೂ ಹೇಳದೆ ಗುಂಡಗೆ ಮಾಡಿದೆ.

ಆ ವರ್ಷ ಕೆರೆ ತುಂಬಿತ್ತು. ಊರವರು ಹೊಸ ದೋಣಿಯಿಂದಲೇ ಗಂಗೆಗೆ ಬಾಗಿನ ಬಿಡುವುದೆಂದು ತೀರ್ಮಾನಿಸಿದರು. ಬಾಗಿನದ ಮೊರ ಹಿಡಿದ ಹಿರಿಯಜ್ಜಿ, ಮುತ್ತೈದೆಯರು, ಗಂಡಸರು ಎಲ್ಲರೂ ಹತ್ತಿದರು. ನೋಡಲು ಬಂದಿದ್ದ ಮಾವ ದಂಡೆಯಲ್ಲೇ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕಣ್ಣು ಮುಚ್ಚಿಕೊಂಡೇ ದೋಣಿಗೆ ಕಾಲಿಟ್ಟರು. ನನ್ನ ಪಕ್ಕ ಕೂತು ಮುಂಗೈ ಹಿಡಿದುಕೊಂಡರು. ಆ ಹಿಡಿತಕ್ಕೆ ನನ್ನ ಬೆರಳುಗಳು ಜೋಮು ಹಿಡಿದವು.

ದಂಡೆ ಬಿಟ್ಟು ಸ್ವಲ್ಪ ದೂರ ಹೋದೆವು. ಬಾಗಿನ ಬಿಡುವಾಗ ಎಲ್ಲರೂ ಮೊರಕ್ಕೆ ಕೈ ಮುಟ್ಟಿಸಬೇಕು, ಇಲ್ಲದಿದ್ದರೆ ಪುಣ್ಯ ಬರದು. ಅಜ್ಜಿ ಎಡಕ್ಕೆ ಬಾಗಿದ್ದೇ ತಡ, ಅಷ್ಟೂ ಜನ ಎಡಕ್ಕೆ ನುಗ್ಗಿದರು. ದೋಣಿ ವಾಲಿತು. ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿ ಪಾದ ಮುಟ್ಟಿತು. ಬೆಸುಗೆ ಗಟ್ಟಿ ಇದ್ದರೆ ಎಲ್ಲವೂ ಗಟ್ಟಿ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ನನ್ನ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ, ಆದರೂ ಮುಳುಗುತ್ತಿದ್ದೆವು!

ಆಗ ಮಾವ ಅಂಗಡಿಯಲ್ಲಿ ಗಿರಾಕಿಗಳನ್ನು ಸಾಲು ನಿಲ್ಲಿಸುವ ದನಿಯಲ್ಲಿ ಹೇಳಿದರು: “ಹಿಂದಿನೋರು ಮೆಲ್ಲಗೆ ಈ ಕಡೆ ಬಂದು ಕೂತ್ಕಳ್ರಿ.”

“ಮೊರ ಮುಟ್ಟಬ್ಯಾಡವೇನಪ್ಪ ಅವ್ರು?” ಅಜ್ಜಿ ತಿರುಗಿ ಗದರಿದಳು.

“ಸತ್ಯನಾರಾಯಣ ಪೂಜೇಲಿ ಹೆಂಗೆ ಮಾಡ್ತೀರವ್ವಾ? ಪೂಜೆಗೆ ಕೂತೋರನ್ನ ಮುಟ್ಟಿದ್ರೆ ಸಾಕಲ್ಲ. ಮುಂದಿನೋರ ಭುಜ ಮುಟ್ರಿ, ಅವ್ರು ಮೊರ ಮುಟ್ಲಿ.”

ಅರ್ಧ ಜನ ಬಲಕ್ಕೆ ಸರಿದು ಕೂತರು. ಮೊರದಿಂದ ಅಜ್ಜಿಗೆ, ಅಜ್ಜಿಯಿಂದ ಸೊಸೆಗೆ, ಅಲ್ಲಿಂದ ಹೀಗೇ ಕೈಯಿಂದ ಭುಜಕ್ಕೆ ದಾಟಿ ದೋಣಿಯ ಆ ಅಂಚಿನಿಂದ ಈ ಅಂಚಿಗೆ ಒಂದು ಸಾಲು ಬೆಳೆದು, ಮಾವನ ತನಕ ಬಂತು. ಅವರ ಇನ್ನೊಂದು ಕೈ ನನ್ನ ಮುಂಗೈ ಮೇಲೇ ಇತ್ತು. ದೋಣಿ ಸಮವಾಯಿತು. ಬಾಗಿನ ತೇಲಿಹೋಯಿತು. ಗಂಡಸರು ಒಳಗಿನ ನೀರನ್ನು ಬಕೆಟ್ಟಿನಲ್ಲಿ ಹೊರಗೆ ಚೆಲ್ಲಿದರು.

ದಂಡೆಗೆ ಬಂದ ಮೇಲೆ ಮಾವ ಬಗ್ಗಿ, ಒಳಗಿನ ಗುಂಡು ಮೂಲೆಯ ಮೇಲೆ ಬೆರಳಾಡಿಸಿದರು. ನಾನೇ ಕೇಳಿದೆ, ನೀರಿಗೆ ಇಷ್ಟು ಹೆದರುವವರು ಯಾಕೆ ಹತ್ತಿದಿರಿ ಎಂದು.

“ಹಡಗು ಮುಳುಗಾಕೆ ದೊಡ್ಡ ಕಾರಣ ಒಂದೈತೆ ಅಳಿಯಂದ್ರೇ. ಕಟ್ಟಿದೋನ ಮನೇರು ಯಾರೂ ಅದರಾಗೆ ಇರಲ್ಲ,” ಎಂದು ಚಪ್ಪಲಿ ಹುಡುಕಲು ಹೋದರು.

ಈಗ ನನ್ನ ಬಳಿ ಇರುವುದು ಒಂದು ಶೆಡ್ಡು, ಎರಡು ವೆಲ್ಡಿಂಗ್ ಮೆಷಿನ್, ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೆರೆಯ ಮೇಲೆ ತೇಲುತ್ತಿರುವ ಒಂದು ದೋಣಿ, ಈಜು ಬಾರದ ಒಬ್ಬ ಮಾವ.